ಹೆರಿಗೆ ಮಂಚದ ಶಿಲುಬೆ

ನಾನು ಬಾಯಿ ಮುಚ್ಚಿಕೊಂಡು ನಿಂತ ಪ್ರಸಂಗಗಳು ಕಡಿಮೆ. ಹೆಸರು ಮೌನೇಶಪ್ಪ ಬಡಿಗೇರ, ಬಾಯಿ ಮಾತ್ರ ಡೊಳ್ಳು ಅಂತ ನನ್ನ ಹೆಂಡತಿ ಹಾಲವ್ವ ಮದುವೆಯಾದ ವರ್ಷವೇ ತೀರ್ಪು ಕೊಟ್ಟಿದ್ದಾಳೆ. ಹಾನಗಲ್ಲಿನಲ್ಲಿ ಮೂವತ್ತೆಂಟು ವರ್ಷದಿಂದ ಬಡಿಗತನ ಮಾಡುತ್ತಿದ್ದೇನೆ. ಬಾಗಿಲು, ಕಂಬ, ದೇವರ ಮಂಟಪ, ಪಲ್ಲಕ್ಕಿ, ಇವುಗಳಲ್ಲಿ ನನ್ನ ಕೈಗೆ ಸಮ ಇಲ್ಲ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಆದರೆ ಹೋದ ವರ್ಷ ಒಂದು ಹಳೆಯ ಕಟ್ಟಿಗೆ ನನ್ನ ಬಾಯಿ ಕಟ್ಟಿಹಾಕಿತು. ಅದನ್ನು ಹೇಳುತ್ತೇನೆ, ಕೇಳಿ.

ದೀಪಾವಳಿ ಮುಗಿದ ವಾರ. ಊರ ಹೊರಗಿನ ಸಣ್ಣ ಆಸ್ಪತ್ರೆಯ ಸಿಸ್ಟರ್ ಜಸಿಂತಾ ಒಂದು ಟಂಟಂ ಆಟೋದಲ್ಲಿ ಎರಡು ಉದ್ದನೆಯ ಮರದ ಪಟ್ಟಿಗಳನ್ನು ಹೇರಿಕೊಂಡು ನನ್ನ ಅಂಗಡಿಯ ಮುಂದೆ ಇಳಿದರು. ಮಂಗಳೂರಿನ ಕಡೆಯವರು. ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಅವರ ಮಾತು ಮಾತ್ರ ಇನ್ನೂ ಅಲ್ಲೇ ಇದೆ.

"ಬಡಿಗೇರರೇ, ಇದರಲ್ಲಿ ನಮಗೊಂದು ಶಿಲುಬೆ ಆಗಬೇಕು ಮಾರಾಯ್ರೆ. ಪ್ರಾರ್ಥನೆ ಕೋಣೆಯದ್ದನ್ನು ಗೆದ್ದಲು ತಿಂದು ಹಾಕಿತು. ಕೋಣೆ ಹೊಸದಾಗಿ ಕಟ್ಟಿಸಿದ್ದೇವೆ. ಬರುವ ತಿಂಗಳು ಎರಡನೇ ಭಾನುವಾರ ಹನ್ನೊಂದು ಗಂಟೆಗೆ ಗೋಡೆಗೆ ಏರಬೇಕು."

ನಾನು ಪಟ್ಟಿಯ ಧೂಳು ಒರೆಸಿದೆ. ಬೀಟೆ! ಈಗ ಹುಡುಕಿದರೂ ಕಣ್ಣಿಗೆ ಬೀಳದ ಕರಿ ಬೀಟೆ.

"ಇದು ಯಾವ ಕಟ್ಟಿಗೆ ಗೊತ್ತುಂಟಾ?" ಅಂದರು ಸಿಸ್ಟರ್. "ನಮ್ಮ ಹಳೇ ಹೆರಿಗೆ ಮಂಚದ್ದು. ಕಬ್ಬಿಣದ ಮಂಚ ಬಂದ ಮೇಲೆ ಉಗ್ರಾಣದಲ್ಲಿ ಬಿದ್ದಿತ್ತು. ನಿಮ್ಮ ಸವಿತಾ ಹುಟ್ಟಿದ್ದು ಇದರ ಮೇಲೆಯೇ."

ಸವಿತಾ ನನ್ನ ಮಗಳು. ಈಗ ಸವಣೂರಿನಲ್ಲಿ ಟೀಚರ್. ಅವಳು ಹುಟ್ಟಿದ ದಿನ ಆ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕೂತು ನಾನು ಹದಿನಾಲ್ಕು ವೀಳ್ಯದೆಲೆ ಜಗಿದದ್ದು ನೆನಪಿದೆ. ಒಳಗಿನ ಮಂಚದ ನೆನಪು ನನಗೆಲ್ಲಿಂದ ಬರಬೇಕು? ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ.

ಸಿಸ್ಟರ್ ಒಂದು ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ನೋಡಿ, ಇದನ್ನು ಮಾತ್ರ ರಂದಾದಿಂದ ಹೆರೆದು ತೆಗೆಯಬೇಡಿ" ಅಂದರು. ನೋಡಿದೆ. ಪಟ್ಟಿಯ ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದ ಕಟ್ಟಿಗೆ ಸವೆದು ಒಳಕ್ಕೆ ತಗ್ಗಾಗಿತ್ತು. ಬೀಟೆ ಅಂದರೆ ನನ್ನ ಉಳಿಯ ಮೊನೆಯನ್ನೇ ಮುರಿಯುವ ಕಟ್ಟಿಗೆ. ಅದು ಬಡಿಗನ ಕೈಯಿಂದ ಸವೆದದ್ದಲ್ಲ. ನೋವು ಬಂದಾಗ ಹೆಂಗಸರು ಹಿಡಿದುಕೊಂಡ ಜಾಗ. ಎಷ್ಟು ವರ್ಷ, ಎಷ್ಟು ಕೈ, ದೇವರೇ ಬಲ್ಲ. ನಾನು ಹತ್ತು ದಿನ ತಿಕ್ಕಿದರೂ ಆ ಹೊಳಪು ಬರುವುದಿಲ್ಲ.

ಹಾಲವ್ವ ಚಹಾ ತಂದವಳು ಪಟ್ಟಿ ನೋಡಿ ಅಲ್ಲೇ ನಿಂತಳು. ಕಪ್ಪು ಬಸಿ ಕೆಳಗಿಟ್ಟು ತಗ್ಗಿನಲ್ಲಿ ಕೈ ಇಟ್ಟಳು. ಇಪ್ಪತ್ತೇಳು ವರ್ಷದ ಮೇಲೂ ಅವಳ ಬೆರಳುಗಳು ಅಲ್ಲಿ ಸರಿಯಾಗಿ ಕೂತವು. "ಇದ ನೋಡ್ರಿ, ಇದನ್ನ ಹಿಡಕೊಂಡ ನಾ ನಿಮಗ ಬೈದಿದ್ದು" ಅಂದಳು. ಸಿಸ್ಟರ್ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಕಸುಬಿನ ಒಂದು ಕಟ್ಟಳೆಯನ್ನು ಇಲ್ಲಿ ಹೇಳಿಬಿಡಬೇಕು. ನಿಲ್ಲಿಸುವ ಕಟ್ಟಿಗೆ ಯಾವುದೇ ಇರಲಿ, ಕಂಬವಾಗಲಿ, ಬಾಗಿಲ ಚೌಕಟ್ಟಾಗಲಿ, ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಹಾಗೆಯೇ ನಿಲ್ಲಬೇಕು. ಬುಡ ಕೆಳಗೆ, ತುದಿ ಮೇಲೆ. ಕಂಬ ತಲೆಕೆಳಗಾಗಿ ನಿಂತ ಮನೆ ಏಳಿಗೆಯಾಗುವುದಿಲ್ಲ ಅನ್ನುವುದು ನಮ್ಮ ಹಿರಿಯರ ಮಾತು. ಹೊಸ ಮರವಾದರೆ ಕೊಯ್ದ ದಿನವೇ ಬುಡದ ಕಡೆ ಜಾಜಿನಿಂದ, ಅಂದರೆ ಕೆಮ್ಮಣ್ಣಿನಿಂದ, ಕೆಂಪು ಗೆರೆ ಎಳೆದಿಡುತ್ತೇವೆ. ಮಂಚದ ಪಟ್ಟಿಗೆ ಎಲ್ಲಿಯ ಗೆರೆ? ಅಷ್ಟು ವರ್ಷ ಅಡ್ಡ ಮಲಗಿದ ಕಟ್ಟಿಗೆ ಅದು.

"ಸಿಸ್ಟರ್, ನಿಮ್ಮ ಶಿಲುಬಿಗೂ ಬುಡ ಕೆಳಗ ಇರಬೇಕಲ್ರಿ?" ಅಂತ ಕೇಳಿದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. "ಯೇಸುವಿಗೆ ಶಿಲುಬೆ ಮಾಡಿದವರು ಇದನ್ನು ಯೋಚನೆ ಮಾಡಿರಲಿಕ್ಕಿಲ್ಲ. ನೀವು ಕೇಳಿದಿರಲ್ಲ, ಸಾಕು. ನಿಮ್ಮ ಶಾಸ್ತ್ರ ಹೇಗೋ ಹಾಗೆಯೇ ಮಾಡಿ" ಅಂದರು. ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ. ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದು ಕಟ್ಟಿಗೆಯೂ ತಲೆಕೆಳಗೆ ನಿಂತಿಲ್ಲ ಅಂದೆ.

ಅವರು ಹೋದ ಮೇಲೆ ತಗ್ಗು ಇದ್ದ ಪಟ್ಟಿಯನ್ನು ಬಿಸಿಲಿಗೆ ಹಿಡಿದೆ. ಎಳೆ ನೋಡಿದೆ. ಬಾಯಲ್ಲಿದ್ದ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಇದೇ ಬುಡ ಅಂತ ತೀರ್ಮಾನಿಸಿ ಜಾಜಿನ ಗೆರೆ ಎಳೆದೆ.

ಆ ಪಟ್ಟಿಯಲ್ಲಿ ಶಿಲುಬೆಗೆ ಮೂರೂವರೆ ಅಡಿ ನಿಲುವು ಕೊಯ್ದೆ. ಹೆಂಗಸರ ಕೈಯ ತಗ್ಗು ಶಿಲುಬೆಯ ಕೆಳಭಾಗಕ್ಕೆ, ಕೈ ಎತ್ತಿದರೆ ಸಿಗುವ ಹಾಗೆ ಬಂತು. ಮೇಲೆ ಉಳಿದ ಎರಡಡಿ ತುಂಡನ್ನು ಮೂಲೆಗೆ ನಿಲ್ಲಿಸಿದೆ. ಎರಡನೆಯ ಪಟ್ಟಿ ಅಡ್ಡತೋಳಿಗೆ ಹೋಯಿತು. ಎರಡನ್ನೂ ಅರ್ಧರ್ಧ ಕೊರೆದು ಒಂದರೊಳಗೊಂದು ಕೂರಿಸಿದೆ. ಒಂದು ಕೂದಲೂ ತೂರದ ಹಾಗೆ ಕೂತಿತು.

ಇನ್ನು ಕೆತ್ತಿ ಕೂರಿಸುವ ಕೆಲಸ. ಸಿಸ್ಟರ್ ಒಂದು ಚಿತ್ರ ಕೊಟ್ಟಿದ್ದರು. ಅದರಲ್ಲಿ ದ್ರಾಕ್ಷಿ ಗೊಂಚಲು, ಗೋಧಿ ತೆನೆ. ನಾನು ಫೋನ್ ಹಚ್ಚಿ, "ದ್ರಾಕ್ಷಿ ನಮ್ಮ ಕಡೆ ಎಲ್ಲೈತ್ರಿ? ಹಾನಗಲ್ಲಿಗೆ ಬಂದ ದೇವರು ಹಾನಗಲ್ಲ ಅನ್ನ ಉಣ್ಣಲಿ. ಭತ್ತದ ತೆನಿ ಮಾಡ್ತೇನಿ" ಅಂದೆ. "ಭತ್ತವೇ ಇರಲಿ" ಅಂದರು ಸಿಸ್ಟರ್.

ಕರಿ ಬೀಟೆಗೆ ಹಳದಿ ಹಲಸು. ಇದಕ್ಕಿಂತ ಒಳ್ಳೆಯ ಜೋಡಿಯನ್ನು ಬ್ರಹ್ಮ ಮಾಡಿಲ್ಲ. ನನ್ನಲ್ಲಿ ಹತ್ತು ವರ್ಷ ಒಣಗಿದ ಹಲಸಿನ ಹಲಗೆ ಇತ್ತು. ಕಾಳಿನ ಆಕಾರದಲ್ಲಿ ಬೀಟೆಯನ್ನು ಕಾಲಂಗುಲ ಆಳಕ್ಕೆ ಕೊರೆಯಬೇಕು. ಹಲಸಿನ ಹಲಗೆಯಿಂದ ಕೆತ್ತಿದ ಭತ್ತದ ಕಾಳನ್ನು ಕುಳಿಗಿಂತ ಕೂದಲೆಳೆಯಷ್ಟು ದಪ್ಪ ಬಿಡಬೇಕು, ತಳ ಮಾತ್ರ ತುಸು ಸಣ್ಣಗೆ. ಅಂಟು ಹಚ್ಚಿ ಕೊಡತಿಯಿಂದ ಒಂದೇ ಏಟು. ಹೆಚ್ಚು ಹೊಡೆದರೆ ಬೀಟೆ ಸೀಳುತ್ತದೆ, ಕಡಿಮೆ ಹೊಡೆದರೆ ಮಳೆಗಾಲದಲ್ಲಿ ಕಾಳು ಎದ್ದು ಬರುತ್ತದೆ. ಬುಡದಿಂದ ಹೊರಟ ಒಂದು ದಂಟು, ಅಡ್ಡತೋಳಿನ ಹತ್ತಿರ ಮೂರು ತೆನೆಯಾಗಿ ಒಡೆದು, ಒಂದು ಮೇಲಕ್ಕೆ, ಎರಡು ಆಚೆ ಈಚೆ ಬಾಗಿ ತೂಗುವ ಹಾಗೆ ಕೂರಿಸಿದೆ. ಇಪ್ಪತ್ತೆರಡು ದಿನ ಹಿಡಿಯಿತು. ಮುಗಿದ ಮೇಲೆ ಹಾಲವ್ವ ಕಾಳು ಎಣಿಸಿದರೆ ನೂರಾ ಎಂಟು. ಎಣಿಸಿ ಮಾಡಿದ್ದಲ್ಲ, ಕೈಗೆ ಬಿದ್ದ ರೂಢಿ. "ಸಿಸ್ಟರ್‌ಗೆ ಹೇಳಬ್ಯಾಡ್ರಿ" ಅಂತ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಶುಕ್ರವಾರ ಮಧ್ಯಾಹ್ನ ಎಣ್ಣೆ ಒರೆಸಿದೆ. ಅಗಸಿ ಎಣ್ಣೆ, ಹಳೆ ಧೋತರದ ತುಂಡು. ಒಣ ಕಟ್ಟಿಗೆಯ ಮೇಲೆ ಎಣ್ಣೆ ಹರಿಯುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ಬಡಿಗನಾಗಿ ಉಳಿದಿದ್ದೇನೆ ಅಂತ ಕಾಣುತ್ತದೆ. ಬೂದಿ ಬಣ್ಣದ ಬೀಟೆ ನೋಡನೋಡುತ್ತ ಕಪ್ಪಾಯಿತು, ಕಪ್ಪಿನೊಳಗಿಂದ ನೇರಳೆ ಎದ್ದಿತು. ಹಲಸಿನ ಕಾಳುಗಳು ಅರಿಸಿನ ಮಿಂದವು. ಸುಗ್ಗಿಯ ಗದ್ದೆಗೆ ಬಿಸಿಲು ಬಿದ್ದ ಹಾಗೆ! ಅಯ್ಯೋ ಶಿವನೇ, ಇದನ್ನು ನಾನು ಮಾಡಿದೆನೆ ಅಂತ ನನಗೇ ನಂಬಿಕೆ ಬರಲಿಲ್ಲ. ಕೈ ಮುಗಿದುಬಿಟ್ಟೆ. ಯಾವ ದೇವರಿಗೆ ಅಂತ ಯೋಚಿಸಲಿಲ್ಲ.

ಮುಗಿದ ಕೈ ಇಳಿಸುವಷ್ಟರಲ್ಲಿ ಕಣ್ಣಿಗೆ ಅದು ಬಿತ್ತು. ಅಡ್ಡತೋಳಿಗಿಂತ ಕೆಳಗೆ, ದಂಟಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಒಂದು ಗಂಟು. ಮರದಲ್ಲಿ ಕೊಂಬೆ ಹುಟ್ಟಿದ ಜಾಗ. ಒಣಗಿದ್ದಾಗ ಕಾಣದ್ದು ಎಣ್ಣೆ ಬಿದ್ದ ಮೇಲೆ ಎದ್ದು ಕಂಡಿತು. ಅದಕ್ಕೊಂದು ಸಣ್ಣ ಬಾಲ. ಕೊಂಬೆ ಮೇಲಕ್ಕೆ ಬೆಳೆಯುತ್ತದೆ, ಅದರ ಗಂಟಿನ ಬಾಲ ಬುಡದ ಕಡೆ ಇಳಿಯುತ್ತದೆ. ಬಾಲ ಇದ್ದ ಕಡೆ ಬುಡ, ಇದು ನನ್ನ ಲೆಕ್ಕ. ಈ ಗಂಟಿನ ಬಾಲ ಮೇಲಕ್ಕೆ ಇತ್ತು.

ಅಂದರೆ ಶಿಲುಬೆ ತಲೆಕೆಳಗು.

ಅಲ್ಲೇ ಕೂತೆ. ತಿರುಗಿಸಿ ನಿಲ್ಲಿಸೋಣ ಅಂದರೆ ಅದು ಶಿಲುಬೆ, ಕಂಬವಲ್ಲ. ಹೊಸದು ಮಾಡೋಣ ಅಂದರೆ ಆ ತಗ್ಗು ಇರುವ ಕಟ್ಟಿಗೆ ಲೋಕದಲ್ಲಿ ಇನ್ನೊಂದಿಲ್ಲ. ನಡುವೆ ಉಳಿದದ್ದು ಒಂದು ದಿನ.

"ಯಾರಿಗೆ ಗೊತ್ತಾಕ್ಕೈತಿ? ಸುಮ್ನ ಕೊಟ್ಟುಬಿಡ್ರಿ" ಅಂದಳು ಹಾಲವ್ವ.

"ನನಗ ಗೊತ್ತಾತಲ್ಲ!" ಅಂತ ಕಿರುಚಿದೆ.

ಅವಳು ಮೆಲ್ಲಗೆ ಅಂದಳು: "ಮೈಲಾರಿ ಅಣ್ಣಗ ಅವತ್ತ ಇಂಥಾದಕ್ಕ ತಲಿಕೆಳಗ ಅಂದ್ರಲ್ಲ. ತನ್ನ ಎಲ್ಯಾಗ ಹೆಗ್ಗಣ ಬಿದ್ದಿದ್ರೂ ಮಂದಿ ಎಲ್ಯಾಗಿನ ನೊಣ ಕಾಣಸ್ತೈತಿ ನಿಮಗ."

ಮೈಲಾರಿ, ಅಂದರೆ ಮೈಲಾರಲಿಂಗಪ್ಪ. ಆ ಹೆಸರನ್ನು ನಮ್ಮ ಮನೆಯಲ್ಲಿ ಹದಿನಾರು ವರ್ಷದಿಂದ ಯಾರೂ ಎತ್ತಿರಲಿಲ್ಲ.

ಮಾಸೂರಿನವನು. ಬಡಿಗರ ಮನೆಯಲ್ಲಿ ಹುಟ್ಟಿದವನಲ್ಲ, ಆಸೆಪಟ್ಟು ಕಲಿತವನು. ಹತ್ತು ವರ್ಷ ನಾವಿಬ್ಬರೂ ಜೊತೆಗೆ ಕೆಲಸ ಮಾಡಿದೆವು. ನನಗೆ ಬಾಯಿ, ಅವನಿಗೆ ತಾಳ್ಮೆ. ಶಿಗ್ಗಾಂವಿಯ ಕಾಳಿನ ವ್ಯಾಪಾರಿ ಕರಿಬಸಪ್ಪನವರ ಹೊಸ ಮನೆ ನಮ್ಮಿಬ್ಬರ ಕೊನೆಯ ಕೆಲಸ. ಪಡಸಾಲೆಯ ಕಂಬಗಳನ್ನು ಅವನು ನಿಲ್ಲಿಸಿದ್ದ. ಮನೆ ಒಕ್ಕಲಿನ ದಿನ ಬಂದವರೆಲ್ಲ ನನ್ನ ಬಾಗಿಲು ಬಿಟ್ಟು ಅವನ ಕಂಬಗಳನ್ನೇ ಹೊಗಳಿದರು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ ಕೊಡಲಿ? ಒಂದು ಕಂಬದಲ್ಲಿ ಇಂಥದೇ ಗಂಟು ಕಂಡಿತು. ಬಾಲ ಮೇಲಕ್ಕೆ. ನಾನು ಹಿಂದೆ ಮುಂದೆ ನೋಡದೆ, ನಲವತ್ತು ಜನರ ಎದುರಿಗೆ ಆ ಗಂಟಿನ ಮೇಲೆ ಬೆರಳಿಟ್ಟು, "ಈ ಕಂಬ ತಲಿಕೆಳಗ ನಿಂತೈತಿ" ಅಂದೆ.

ಕರಿಬಸಪ್ಪನವರ ಮುಖ ಬಿಳುಚಿಕೊಂಡಿತು. ಮೈಲಾರಿ, "ಒಂದ ತಾಸು ತಡಕೋ, ನೋಡೂಣು" ಅಂದ. ನಾನೆಲ್ಲಿ ತಡೆಯಲಿ? ಕಂಬ ಕಿತ್ತರು. ಆ ಮಾತು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಸುತ್ತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈಲಾರಿಯ ಕೈಯಿಂದ ಆಮೇಲೆ ಯಾರೂ ಮನೆಯ ಕೆಲಸ ಮಾಡಿಸಲಿಲ್ಲ. ಅವನು ಊರಿಗೆ ಹೋಗಿ ಮದಗದ ಕೆರೆಯ ನೀರನ್ನು ಪಾಳಿಯಂತೆ ಗದ್ದೆಗಳಿಗೆ ಬಿಡುವ ಕೆಲಸ ಹಿಡಿದ ಅಂತ ಕೇಳಿದ್ದೆ.

ಕಟ್ಟಿಗೆಯ ಬುಡ ತಿಳಿಯಲು ಹಳೆಯ ದಾರಿ ಒಂದಿದೆ. ನೀರಿಗೆ ಬಿಟ್ಟರೆ ಬುಡದ ಕಡೆ ತೂಕ ಹೆಚ್ಚು, ಅದು ತುಸು ಮುಳುಗುತ್ತದೆ. ಶಿಲುಬೆಯನ್ನು ನೀರಿಗೆ ಹಾಕುವ ಹಾಗಿಲ್ಲ, ಆದರೆ ಮೂಲೆಯಲ್ಲಿ ಉಳಿದ ತುಂಡು ಇತ್ತಲ್ಲ. ಶಿಲುಬೆಯ ತಲೆಗೆ ಅಂಟಿಕೊಂಡಿದ್ದ ಅದರ ತುದಿಗೆ ಜಾಜು ಬಳಿದೆ. ಆ ಕೆಂಪು ತುದಿ ಮುಳುಗಿದರೆ ಶಿಲುಬೆ ಸರಿ, ಇನ್ನೊಂದು ಮುಳುಗಿದರೆ ತಲೆಕೆಳಗು. ಬ್ಯಾರಲ್ಲಿಗೆ ನೀರು ತುಂಬಿಸಿ ಬಿಟ್ಟೆ. ಕಟ್ಟಿಗೆ ಅತ್ತ ವಾಲಿತು, ಇತ್ತ ವಾಲಿತು, ಬ್ಯಾರಲ್ಲಿನ ಗೋಡೆಗೆ ಬಡಿಯಿತು. ಎರಡು ನಿಮಿಷ ನೋಡಿ, ಸಿಟ್ಟು ನೆತ್ತಿಗೇರಿ ಬ್ಯಾರಲ್ಲನ್ನೇ ಒದ್ದೆ. ಅಂಗಳವೆಲ್ಲ ನೀರಾಯಿತು.

"ಆತುರಗಾರನಿಗೆ ಬುದ್ಧಿ ಮಟ್ಟ" ಅಂತ ಹಾಲವ್ವ ಕಸಬರಿಗೆ ಹಿಡಿದಳು. ಮರುದಿನ ಬೆಳಿಗ್ಗೆ ಶಿಲುಬೆಯನ್ನು ಕೌದಿಯಲ್ಲಿ ಸುತ್ತಿಕೊಟ್ಟವಳೂ ಅವಳೇ. "ಹೋಗ್ರಿ. ಅವನ್ನ ಕೇಳ್ರಿ. ನಾಲ್ಕ ತಾಲೂಕಿನ್ಯಾಗ ಅವನ ಕೈಯಂಥಾ ಕೈ ಇಲ್ಲಂತ ನೀವ ಹೇಳತಿದ್ರಿ, ಒಂದ ಕಾಲಕ್ಕ."

ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿದೆ. ಪಕ್ಕದ ಸೀಟಿನ ಮುದುಕಿಗೆ ಕೌದಿಯೊಳಗೆ ಏನಿದೆ ನೋಡದೆ ಸಮಾಧಾನವಿಲ್ಲ. ಒಂದು ಮೂಲೆ ಸರಿಸಿ ತೋರಿಸಿದೆ. ಬಿಸಿಲು ಕಾಳುಗಳ ಮೇಲೆ ಬಿತ್ತು. ಅವಳು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡು, "ಯಾವ ದೇವರೋ ಯಪ್ಪಾ, ನಮ್ಮ ಹೊಲದಾಗ ನಿಂತಂಗ ಐತಿ" ಅಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ತಲೆಕೆಳಗಾಗಿ ನಿಂತಿದೆ ಅಜ್ಜೀ ಅಂತ ಹೇಗೆ ಹೇಳಲಿ?

ಮೈಲಾರಿ ಕೆರೆಯ ತೂಬಿನ ಹತ್ತಿರ ಒಂದು ಛಪ್ಪರದಲ್ಲಿ ಸಿಕ್ಕ. ಕೂದಲು ಪೂರ್ತಿ ನರೆತಿತ್ತು. ಗುದ್ದಲಿ ಹೆಗಲ ಮೇಲೆ. ನನ್ನನ್ನು ನೋಡಿ ಗುದ್ದಲಿ ಇಳಿಸಿದ.

"ಬಾ ಮೌನೇಶ. ಕುಂದ್ರು. ನೀರು ಕುಡೀತಿ?" ಅಂದ. ಹದಿನಾರು ವರ್ಷ ಅನ್ನುವುದು ನಿನ್ನೆ ಸಂಜೆ ಎಂಬಂತೆ.

ನಾನು ಕೂತೆ. ಛಪ್ಪರದ ನಡುವಿನ ಕಂಬಕ್ಕೆ ಬೆನ್ನು ಕೊಟ್ಟೆ. ಏನೇನೋ ಹೇಳಬೇಕು ಅಂತ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ಒಂದೂ ಬರಲಿಲ್ಲ. ಕೌದಿ ಬಿಚ್ಚಿದೆ.

ಅವನು ಬಹಳ ಹೊತ್ತು ಮುಟ್ಟಲಿಲ್ಲ. ಸುತ್ತ ಒಂದು ಸಲ ನಡೆದ. ಕುಕ್ಕರಗಾಲಲ್ಲಿ ಕೂತು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಕಣ್ಣು ಮುಚ್ಚಿ ಅಂಗೈಯನ್ನು ದಂಟಿನ ಮೇಲೆ ಹರಿಸಿದ. ಕಾಳಿಗೂ ಬೀಟೆಗೂ ನಡುವೆ ಅವನ ಬೆರಳು ಎಲ್ಲೂ ನಿಲ್ಲಲಿಲ್ಲ. ಹೆಂಗಸರ ಕೈಯ ತಗ್ಗಿಗೆ ಬಂದಾಗ ನಿಂತಿತು.

"ಇದು ನೀ ಮಾಡಿದ್ದಲ್ಲ" ಅಂದ.

"ಅಲ್ಲ. ಅದು ಹಡದವ್ರು ಮಾಡಿದ್ದು." ಮಂಚದ ಕಥೆ ಹೇಳಿದೆ.

ಅವನ ಕಣ್ಣು ತುಂಬಿದವು. ಒರೆಸಿಕೊಳ್ಳಲೂ ಇಲ್ಲ. "ಎಂಥಾ ಕೆಲಸ ಮಾಡೀಯೋ ಮೌನೇಶ. ಎಂಥಾ ಕೆಲಸ!" ಅಂದ. ನನ್ನ ಜನ್ಮದಲ್ಲಿ ನನ್ನ ಕೆಲಸವನ್ನು ಹೊಗಳಿದವರು ಎಷ್ಟೋ ಮಂದಿ. ಅವನು ಹೊಗಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

"ತಲಿಕೆಳಗ ಐತಿ, ಮೈಲಾರಿ. ಗಂಟ ನೋಡು. ಬಾಲ ಮ್ಯಾಲಕ್ಕೈತಿ."

ಅವನು ಗಂಟನ್ನು ನೋಡಿದ. ಅವನ ಮುಖದಲ್ಲಿ ಏನೋ ಹಾದುಹೋಯಿತು. "ಉಳದ ತುಂಡ ತಂದೀ?" ಅಂದ. ಕೊಟ್ಟೆ. ತೂಬಿನ ಪಕ್ಕ ಗಾಳಿ ಬಾರದ ಒಂದು ಕಲ್ಲಿನ ಕುಂಡವಿತ್ತು, ನೀರು ಕನ್ನಡಿಯ ಹಾಗೆ ನಿಂತಿತ್ತು. ತುಂಡನ್ನು ಮಗುವನ್ನು ಮಲಗಿಸಿದಂತೆ ನೀರಿನ ಮೇಲೆ ಮಲಗಿಸಿ ಬಂದು ಎದುರಿಗೆ ಕೂತ.

"ನಾನೂ ಮಾಡಿ ನೋಡೇನಿ. ಏನೂ ತಿಳೀಲಿಲ್ಲ" ಅಂದೆ.

"ಎಷ್ಟೊತ್ತು ನೋಡಿದಿ?"

"ಎರಡ ನಿಮಿಷ."

"ಬೀಟಿ ಐತಪಾ ಅದು. ನೂರು ವರ್ಷ ತಗೊಂಡು ಬೆಳದದ್ದು. ಒಂದ ತಾಸಿನ ಪುರುಸೊತ್ತು ಕೊಡು."

ಕೂತೆವು. ನಾನು ಹಾಗೆ ಒಂದು ತಾಸು ಸುಮ್ಮನೆ ಕೂತದ್ದು ಅದೇ ಮೊದಲು. ಬೆನ್ನಿಗೆ ಕಂಬ ತಂಪಾಗಿತ್ತು. ಎದುರಿಗೆ ಗುಡ್ಡಗಳ ನಡುವೆ ಕೆರೆ, ಎಲ್ಲಿ ನೋಡಿದರೂ ನೀರು. ಒಂದು ಮಿಂಚುಳ್ಳಿ ಬಂದು ತೂಬಿನ ಮೇಲೆ ಕೂತು ಹೋಯಿತು. ಕುಂಡದಲ್ಲಿ ಕರಿ ತುಂಡು ಮೊದಲು ಅಲುಗಿತು, ಆಮೇಲೆ ಅಲುಗುವುದನ್ನು ಬಿಟ್ಟಿತು, ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ನನಗೆ ಬಾಯಿ ತುರಿಸುತ್ತಿತ್ತು. ಮೈಲಾರಿ ಕಣ್ಣಿನಲ್ಲೇ ಬೇಡ ಅಂದ.

ಆಗ ಅದು ಇಳಿಯತೊಡಗಿತು. ಇಳಿಯುವುದು ಕಾಣುತ್ತಿರಲಿಲ್ಲ, ಇಳಿದದ್ದು ಕಾಣುತ್ತಿತ್ತು. ಒಂದು ತುದಿ ನೀರಿನ ಮೇಲೆ ಒಣಗಿಯೇ ಇತ್ತು. ಇನ್ನೊಂದರ ಮೇಲೆ ನೀರು ಒಂದು ಎಳೆ ಏರಿತು, ಮತ್ತೊಂದು ಎಳೆ ಏರಿತು. ಎಂದೋ ಯಾವುದೋ ಕಾಡಿನಲ್ಲಿ ನಿಂತಿದ್ದ ಮರ, ಮಂಚವಾಗಿ ಅಷ್ಟು ಮಕ್ಕಳನ್ನು ಹೊತ್ತ ಮೇಲೂ, ತನ್ನ ಬೇರು ಯಾವ ಕಡೆಗಿತ್ತು ಅನ್ನುವುದನ್ನು ಮರೆತಿರಲಿಲ್ಲ. ಬೆರಳಿನಷ್ಟು ಮುಳುಗಿ ನಿಂತಿತು.

ಮುಳುಗಿದ್ದು ಕೆಂಪು ತುದಿ.

"ಸರಿ ಐತಿ!" ಅಂತ ಕೂಗಿದೆ. "ಮೈಲಾರಿ, ಶಿಲುಬಿ ಸರಿ ಐತಿ! ಬುಡ ಕೆಳಗ ಐತಿ!" ಕುಣಿಯುವುದೊಂದು ಬಾಕಿ. ಶಿಲುಬೆಯನ್ನು ಎತ್ತಿ ಎದೆಗೊತ್ತಿಕೊಂಡೆ. "ಮತ್ತ ಆ ಗಂಟು? ಬಾಲ ಯಾಕ ಮ್ಯಾಲಕ್ಕೈತಿ?"

"ಎಲ್ಲಾ ಕೊಂಬಿನೂ ಮ್ಯಾಲಕ್ಕ ಹೋಗತಾವೇನು? ಜೋತುಬಿದ್ದ ಕೊಂಬಿ ಕಂಡಿಲ್ಲ ನೀ? ಅದರ ಗಂಟಿನ ಬಾಲ ಮ್ಯಾಲಕ್ಕ ಇರತೈತಿ." ಅವನು ಮೆಲ್ಲಗೆ ಹೇಳಿದ, ಪಾಠ ಹೇಳುವವನಂತೆಯೂ ಅಲ್ಲ, ಬೈಯುವವನಂತೆಯೂ ಅಲ್ಲ.

ಅವನು ಎದ್ದು ನನ್ನ ಬೆನ್ನ ಹಿಂದೆ ಬಂದ. ನಾನು ಅಷ್ಟು ಹೊತ್ತು ಆತುಕೊಂಡಿದ್ದ ಕಂಬಕ್ಕೆ ಒಂದು ಕಂಬಳಿ ನೇತುಹಾಕಿದ್ದ. ಅದನ್ನು ತೆಗೆದ. ಎದೆಯ ಎತ್ತರದಲ್ಲಿ ಒಂದು ಗಂಟು. ಬಾಲ ಮೇಲಕ್ಕೆ.

ಗುರುತು ಸಿಗಲು ನನಗೆ ಒಂದು ಗಳಿಗೆ ಕೂಡ ಬೇಕಾಗಲಿಲ್ಲ. ನಲವತ್ತು ಜನರ ಎದುರಿಗೆ ಬೆರಳಿಟ್ಟ ಜಾಗ ಮರೆಯುತ್ತದೆಯೆ?

"ಕಿತ್ತ ಒಗೆದಿದ್ರು. ಚಕ್ಕಡ್ಯಾಗ ಹೇರಿಕೊಂಡ ಬಂದು ಇದ ಕೆರ್ಯಾಗ ಬಿಟ್ಟ ನೋಡಿದೆ" ಅಂದ ಮೈಲಾರಿ. "ಸರೀನ ಇತ್ತು. ಹಂಗ ಇಲ್ಲಿ ನಿಲ್ಲಿಸಿದೆ."

ಹದಿನಾರು ವರ್ಷ. ಒಂದು ಕಡೆ ಗೆದ್ದಲಿಲ್ಲ, ಒಂದು ಕಡೆ ಬಿರುಕಿಲ್ಲ. ಕಂಬ ನೆಟ್ಟಗೆ ನಿಂತಿತ್ತು. ಅದನ್ನು ನಿಲ್ಲಿಸಿದವನು ಕಸುಬು ಬಿಟ್ಟು ನೀರು ಬಿಡುತ್ತಿದ್ದ.

"ಯಾಕ ಬಂದ ಹೇಳಲಿಲ್ಲೋ? ಯಾಕ ನನ್ನ ಕಪಾಳಕ್ಕ ಹೊಡೀಲಿಲ್ಲ?" ಅಂದೆ.

"ಹೇಳಿದ್ರ ಕೇಳತಿದ್ದೇನ್ ನೀ?" ಅಂದ. ಕಂಬಳಿ ಮಡಚುತ್ತ, "ಒಂದಿನ ಬರತಿ ಅಂತ ಗೊತ್ತಿತ್ತು. ಬೀಟಿ ಆದ್ರ ಒಂದ ತಾಸು. ನಿನಗ ಹದಿನಾರು ವರ್ಷ ಹಿಡೀತು" ಅಂದ.

ನಾನು ಆ ಕಂಬದ ಬುಡ ಹಿಡಿದುಕೊಂಡು ಅತ್ತೆ. ದೊಡ್ಡ ಗಂಡಸು, ಅರವತ್ತರ ಹತ್ತಿರದವನು, ಹೆಂಗಸರು ಮಂಚದ ಪಟ್ಟಿ ಹಿಡಿದ ಹಾಗೆ ಹಿಡಿದು ಅತ್ತೆ. ಅವನು ನನ್ನ ಪಕ್ಕದಲ್ಲಿ ಕೂತಿದ್ದ, ಅಷ್ಟೇ. ಆಮೇಲೆ, "ಏಳು, ಹೊತ್ತಾತು. ಬಸ್ಸು ತಪ್ಪೀತು" ಅಂದ.

"ನೀನೂ ಬಾ" ಅಂದೆ. "ನಾಳೆ ಅದನ್ನ ಗ್ವಾಡಿಗೆ ನೀನ ಏರಿಸಬೇಕು." ಅವನು ನೀರಿನ ಪಾಳಿಯನ್ನು ಯಾರಿಗೋ ಒಪ್ಪಿಸಿ ಬಂದ.

ಭಾನುವಾರ ಹನ್ನೊಂದಕ್ಕೆ ಶಿಲುಬೆ ಗೋಡೆಗೆ ಏರಿತು. ಮೊಳೆ ಹೊಡೆದವನು ಮೈಲಾರಿ. ಕಿಟಕಿಯ ಬೆಳಕಿನಲ್ಲಿ ತೆನೆಗಳು ಹೊಳೆದವು. ಸಿಸ್ಟರ್ ಹತ್ತಿರ ಬಂದು ಹೆಂಗಸರ ಕೈಯ ತಗ್ಗನ್ನು ಮುಟ್ಟಿ ಹಣೆಗೊತ್ತಿಕೊಂಡರು. ಹಿಂದೆ ಸಾಲಾಗಿ ಆಸ್ಪತ್ರೆಯ ಹೆಂಗಸರು, ಊರ ಬಾಣಂತಿಯರು, ಹಾಲವ್ವ. ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಅಲ್ಲೇ ಕೈ ಇಟ್ಟರು.

"ಬುಡ ಕೆಳಗೆ ಉಂಟಲ್ವಾ ಬಡಿಗೇರರೇ?" ಅಂದರು ಸಿಸ್ಟರ್, ನಗುತ್ತ.

"ಐತ್ರಿ. ನನ್ನ ಮಾತು ನಂಬಬ್ಯಾಡ್ರಿ. ಇವನ್ನ ಕೇಳ್ರಿ" ಅಂತ ಮೈಲಾರಿಯನ್ನು ಮುಂದಕ್ಕೆ ಎಳೆದೆ. ಅವನು ನಾಚಿ ಬಾಗಿಲ ಹಿಂದೆ ಸರಿದ.

ಪಾಯಸದ ಬಟ್ಟಲು ಕೈಗೆ ಬರುವ ಮೊದಲೇ ನಾನು ಅಲ್ಲಿಂದ ಹೊರಟೆ. ಒಬ್ಬನೇ ಶಿಗ್ಗಾಂವಿಯ ಬಸ್ಸು ಹತ್ತಿದೆ. ಕರಿಬಸಪ್ಪನವರು ಪಡಸಾಲೆಯಲ್ಲಿ ಕೂತಿದ್ದರು, ಮುದುಕರಾಗಿದ್ದಾರೆ. ಕಂಬ ಕಿತ್ತ ಜಾಗದಲ್ಲಿ ಈಗ ಬೇರೆ ಕಂಬ ಇತ್ತು. ನಾನು ಅದರ ಪಕ್ಕದಲ್ಲಿ ನಿಂತು, ಅವತ್ತು ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ ಅಷ್ಟೇ ಗಟ್ಟಿಯಾಗಿ, ಓಣಿಯ ಜನ ಬಾಗಿಲಿಗೆ ಬರುವ ಹಾಗೆ ಹೇಳಿದೆ. ಮೈಲಾರಲಿಂಗಪ್ಪ ನಿಲ್ಲಿಸಿದ ಕಂಬ ಸರಿಯಾಗಿತ್ತು, ತಪ್ಪು ಹೇಳಿದವನು ನಾನು, ಹೊಟ್ಟೆಕಿಚ್ಚಿನಿಂದ ಹೇಳಿದೆ, ಒಂದು ತಾಸು ಕಾಯದೆ ಹೇಳಿದೆ.

ಕರಿಬಸಪ್ಪನವರು ಕೋಲೂರಿ ಎದ್ದು, ನನ್ನ ಮುಂದೆ ಬಂದು ನಿಂತರು.

"ಹಂಗಾದ್ರ ಆ ಕಂಬ ಈಗ ಎಲ್ಲೈತೋ?"

"ಮದಗದ ಕೆರಿ ದಂಡ್ಯಾಗ ನಿಂತೈತ್ರಿ" ಅಂದೆ. "ನೆಟ್ಟಗ ನಿಂತೈತಿ. ಅವತ್ತಿಂದ ಇವತ್ತಿನ ತನಕ."